ಬಿಳಿ ಮುಖದ ಬಿಲ್ಲೆ

ನನ್ನ ನಾಲಿಗೆ ಉದ್ದ, ಅದು ದೋಣಿ ಕಟ್ಟುವ ದಕ್ಕೆಯಲ್ಲಿ ಎಲ್ಲರಿಗೂ ಗೊತ್ತು. ಮೀನುಗಾರರ ಸಂಘದ ಅಧ್ಯಕ್ಷರನ್ನೇ ಕೆಸರುಗಾಲಲ್ಲಿ ಒಳಗೆ ಬರಬೇಡಿ ಎಂದು ಗದರಿದವಳು ನಾನು. ಆ ಒಂದು ದಿನ ಮಾತ್ರ ಈ ನಾಲಿಗೆಗೆ ಏನು ರೋಗ ಬಂದಿತ್ತೋ.

ಸಂಘದ ಕಚೇರಿಯ ಬಾಗಿಲು ತೆಗೆಯುವುದು, ಕಸ ಹೊಡೆಯುವುದು, ಬಿಲ್ಲೆಯ ಹಲಗೆ ನೋಡಿಕೊಳ್ಳುವುದು ನನ್ನ ಕೆಲಸ. ಹಲಗೆಯ ಮೇಲೆ ದೋಣಿಗೊಂದು ಮೊಳೆ, ಮೊಳೆಗೊಂದು ತಗಡಿನ ಬಿಲ್ಲೆ. ದೋಣಿ ಹೊರಟಾಗ ಬಿಲ್ಲೆಯ ಕೆಂಪು ಮುಖ ಹೊರಗೆ, ದಡಕ್ಕೆ ಬಂದಾಗ ಬಿಳಿ ಮುಖ. ಬೆಳಿಗ್ಗೆ ಹತ್ತಕ್ಕೆ ಕಾರ್ಯದರ್ಶಿ ನೋಡುತ್ತಾರೆ. ಒಂದು ಕೆಂಪು ಉಳಿದಿದ್ದರೂ ಗಂಟೆ ಬಾರಿಸುತ್ತಾರೆ, ಇದ್ದಬದ್ದ ದೋಣಿಗಳೆಲ್ಲ ಹುಡುಕಲು ಹೋಗುತ್ತವೆ. ಹಾಗೆ ಮೂವರು ಜೀವಂತ ಮನೆಗೆ ಬಂದಿದ್ದಾರೆ.

ಬಂಡೆಗಳಾಚೆಯ ಕೊಲ್ಲಿಯಲ್ಲಿ ಮರಿಮೀನು ಬೆಳೆಯಲಿ, ಅಲ್ಲಿ ಯಾರೂ ಬಲೆ ಹಾಕಬಾರದು ಎಂದು ಸಂಘ ತೀರ್ಮಾನಿಸಿ ಮೂರು ವರ್ಷವಾಗಿತ್ತು. ಹೊರಗಿನ ನೀರಿನಲ್ಲಿ ಮತ್ತೆ ದೊಡ್ಡ ಮೀನು ಸಿಗತೊಡಗಿದ್ದೇ ಅದರಿಂದ. ದೂರದ ಪೇಟೆಯವರು ದಲ್ಲಾಳಿಗಳನ್ನು ಬಿಟ್ಟು ನೇರ ನಮ್ಮ ಬಾಗಿಲಿಗೆ ಲಾರಿ ಕಳಿಸುತ್ತಿದ್ದರು. ಮಾತು ಮುರಿದವನಿಗೆ ಸಂಘದ ಮಂಜುಗಡ್ಡೆಯಿಲ್ಲ, ಲಾರಿಯಿಲ್ಲ. ಅವನು ಹೊರಗೆ ಎಂದಷ್ಟೇ ನನಗೆ ಗೊತ್ತಿತ್ತು. ಎಷ್ಟು ದಿನ ಎಂದು ನಾನು ಯಾರನ್ನೂ ಕೇಳಿರಲಿಲ್ಲ.

ಆವತ್ತು ಬೆಳಕು ಹರಿಯುವಾಗ ತಮ್ಮ ಬಂದ. ಅಮ್ಮ ಹೋದ ಮೇಲೆ ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದವನು.

“ಅಕ್ಕ, ನನ್ನ ಬಿಲ್ಲೆ ಬಿಳಿಯಾಗೇ ಇರ್ಲಿ. ಕೊಲ್ಲಿಗೆ ಹೋಗ್ಬರ್ತೀನಿ. ಕೆಂಪಿದ್ರೆ, ಹೊರಗಿನ ನೀರಲ್ಲಿ ಯಾಕೆ ಕಾಣ್ಲಿಲ್ಲ ಅಂತ ಉಳಿದವ್ರು ಕೇಳ್ತಾರೆ. ಅಲ್ಲಿ ಮೀನು ಹೇಗೆ ಕುಣೀತಿವೆ ಗೊತ್ತಾ? ಏಳಕ್ಕೆಲ್ಲ ವಾಪಸ್.”

“ನಿಂಗೇನು ಮಂಕು ಬಡಿದಿದೆಯಾ? ಗೊತ್ತಾದ್ರೆ ಸಂಘದಿಂದ ಓಡಿಸ್ತಾರೆ.”

“ನೀನು ಬಾಯಿ ಬಿಡದಿದ್ರೆ ಯಾರಿಗೆ ಗೊತ್ತಾಗುತ್ತೆ? ನಂಗೆ ಹೆದರಿಕೆ ಇರೋದೇ ನಿನ್ನ ಬಾಯಿದು.”

ಅವನು ನಕ್ಕ. ನಾನೂ ನಕ್ಕೆ, ದರಿದ್ರದವಳು. ಬಿಲ್ಲೆಯನ್ನು ತಿರುಗಿಸಲಿಲ್ಲ.

ಏಳಾಯಿತು, ಎಂಟಾಯಿತು. ಗಾಳಿ ಎದ್ದು ಕಿಟಕಿಯ ಬಾಗಿಲು ಬಡಿದುಕೊಳ್ಳತೊಡಗಿತು. ಕೆಂಪು ಬಿಲ್ಲೆಗಳು ಒಂದೊಂದಾಗಿ ಬಿಳಿಯಾದವು. ಹತ್ತಕ್ಕೆ ಕಾರ್ಯದರ್ಶಿ ಹಲಗೆಯ ಮುಂದೆ ನಿಂತು, “ಸದ್ಯ, ಎಲ್ಲ ಬಂದ್ರು” ಎಂದು ಚಹಾಕ್ಕೆ ಹೋದರು. ನಾನು ಪೊರಕೆ ಹಿಡಿದುಕೊಂಡು ಗುಡಿಸಿದ ಜಾಗವನ್ನೇ ಗುಡಿಸುತ್ತಿದ್ದೆ.

ಹತ್ತೂವರೆಗೆ ತಮ್ಮನ ಹೆಂಡತಿ ಬಂದಳು. ಏಳು ತಿಂಗಳ ಬಸುರಿ.

“ಅತ್ತಿಗೆ, ಇವ್ರು ಎಲ್ಲಿ? ದೋಣಿನೂ ಕಾಣ್ತಿಲ್ಲ.”

“ಇಲ್ಲೇ ಎಲ್ಲೋ ಹೋಗಿರ್ತಾನೆ. ಬರ್ತಾನೆ, ನೀನು ಮನೆಗೆ ಹೋಗು” ಎಂದೆ.

ಬಲೆ ಕಲ್ಲಿಗೆ ಸಿಕ್ಕಿರಬೇಕು, ಬಿಡಿಸಿಕೊಂಡು ಬರುತ್ತಾನೆ ಎಂದುಕೊಂಡೆ. ಈಗ ಹೇಳಿದರೆ ಅವನ ಅನ್ನಕ್ಕೆ ನಾನೇ ಕಲ್ಲು ಹಾಕಿದಂತೆ, ಇನ್ನರ್ಧ ಗಂಟೆ ನೋಡೋಣ ಎಂದುಕೊಂಡೆ. ಹಾಗೆ ಅರ್ಧರ್ಧ ಗಂಟೆ ಮಾಡಿಕೊಂಡು ಒಂದೂವರೆಯಾಯಿತು. ಆಮೇಲೆ ಪೊರಕೆ ಬಿಸಾಕಿದೆ. ಕಾರ್ಯದರ್ಶಿಯ ಮೇಜು ಹಿಡಿದುಕೊಂಡು ಎಲ್ಲ ಹೇಳಿದೆ.

ಅವರು ಒಂದು ಮಾತೂ ಬೈಯಲಿಲ್ಲ, ಗಂಟೆಯ ಕಡೆ ಓಡಿದರು. ಬಲೆ ತೊಳೆಯುತ್ತಿದ್ದವರು, ಉಣ್ಣುತ್ತಿದ್ದವರು ಕೈ ತೊಳೆಯದೆ ದೋಣಿಗೆ ಹಾರಿದರು. ಮೂವತ್ತೊಂದು ದೋಣಿ. ಎಲ್ಲ ಬಿಲ್ಲೆಗಳನ್ನೂ ಕೆಂಪು ಮಾಡಿದೆ, ಕೊನೆಗೆ ಅವನದನ್ನೂ.

ಮೂರಕ್ಕೆ ಅವನನ್ನು ತಂದರು. ದೋಣಿ ಬಂಡೆಗೆ ಬಡಿದು ಒಡೆದಿತ್ತಂತೆ. ಬಲೆಯ ಬೆಂಡುಗಳಿಗೆ ತನ್ನನ್ನೇ ಹಗ್ಗದಿಂದ ಕಟ್ಟಿಕೊಂಡು ತೇಲುತ್ತಿದ್ದನಂತೆ. ಗಂಟು ಒಂದೂ ಸಡಿಲವಾಗಿರಲಿಲ್ಲ. ಅವನನ್ನು ನೀರಿನಿಂದ ಎತ್ತಿದ ಮುದುಕ ನನ್ನ ಮುಖ ನೋಡದೆ, “ಕಂಕುಳು ಇನ್ನೂ ಬೆಚ್ಚಗಿತ್ತು, ತಾಯಿ” ಎಂದ.

ಮಣ್ಣು ಮಾಡಿದ ಮೂರನೇ ದಿನ ಕಾರ್ಯದರ್ಶಿ ಮನೆಗೆ ಬಂದರು.

“ಅವನನ್ನ ಸಂಘದಿಂದ ತೆಗೀಬೇಡಿ, ಅವನ ಹೆಸರು ಉಳೀಲಿ” ಎಂದು ಬೇಡಿಕೊಂಡೆ.

“ತೆಗೆಯೋದು ಎಲ್ಲಿಯ ಮಾತು? ಬದುಕಿ ಬಂದಿದ್ರೆ ಎರಡು ತಿಂಗಳು ಹೊರಗಿಡ್ತಿದ್ವಿ, ಅಷ್ಟೇ. ಆಮೇಲೆ ಮೊದಲಿನ ಹಾಗೇ ಇರ್ತಿದ್ದ.”

ಒಳಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ ಇದನ್ನು ಕೇಳಿಸಿಕೊಂಡಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನ ಹತ್ತಿರ ಬಂದಳು.

“ಅತ್ತಿಗೆ, ಹತ್ತೂವರೆಗೆ ನಾನು ಬಂದು ಕೇಳಿದಾಗ ಅವ್ರು ಎಲ್ಲಿದ್ದಾರೆ ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು” ಎಂದೆ.