ಮೂರನೇ ಮಗ್ಗದ ಹತ್ತಿರ

ಗುರುಬಾಯಿ ಕಸ ಗುಡಿಸುತ್ತಿದ್ದುದು ಗಂಡ ದೇವಾನಂದ ಸತ್ತ ಮಿಲ್ಲಿನಲ್ಲೇ. ಮಿಲ್ಲು ಮುಚ್ಚಿ ಇಪ್ಪತ್ತು ವರ್ಷವಾದ ಮೇಲೆ ಅದನ್ನು ತೊಳೆದು, ಬಣ್ಣ ಬಳಿದು, ಹಳೇ ಮಗ್ಗಗಳ ನಡುವೆ ಹಲಗೆಯ ದಾರಿ ಹಾಸಿ, ಜನ ಟಿಕೆಟ್ ತೆಗೆದುಕೊಂಡು ಅಡ್ಡಾಡುವ ಜಾಗ ಮಾಡಿದ್ದರು. ಅರವತ್ತು ದಾಟಿದ ಅವಳಿಗೆ ಬೇರೆಲ್ಲೂ ಕೆಲಸ ಸಿಕ್ಕಿರಲಿಲ್ಲ. ಮೂರನೇ ಮಗ್ಗದ ಸುತ್ತ ಗುಡಿಸುವಾಗ ಮಾತ್ರ ಚಪ್ಪಲಿ ಬಿಡುತ್ತಿದ್ದಳು.

ಒಂದು ಭಾನುವಾರ, ಮಿಲ್ಲು ನೋಡಲು ಬಂದಿದ್ದ ಸಯನ್ ಬಡಾವಣೆಯ ಪಂಕಜಾ ಅದನ್ನು ಗಮನಿಸಿದರು. ಮೈಸೂರು ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು. ಗುರುಬಾಯಿ ಯಾರಿಗೋ "ಹಾದಿ ಬಿಡ್ರಿ" ಅಂದದ್ದು ಕೇಳಿ ಹತ್ತಿರ ಬಂದರು.

"ಅಯ್ಯೋ, ಕನ್ನಡದವರಾ? ಇಲ್ಲಿ ಯಾಕಮ್ಮಾ ಚಪ್ಪಲಿ ಬಿಟ್ರಿ?"

"ನಮ್ಮ ಮನಿಯವ್ರು ಇಲ್ಲೇ ಹೋದ್ರಿ ಅಕ್ಕಾರ. ಕೈ ಬೆಲ್ಟಿನಾಗ ಸಿಕ್ಕಿತ್ತು. ಶಿಫ್ಟ್ ಮುಗಿಯಾಕ ಹತ್ತು ನಿಮಿಷ ಇತ್ತಂತ. ಕೆಲಸ ಮಾಡಸೋ ಮುಕಾದಮ ಮಷೀನು ಬಂದ್ ಮಾಡಾಕ ಬಿಡಲಿಲ್ಲ. ಹತ್ತು ನಿಮಿಷ ಒದರಿದ್ರಂತ್ರೀ."

ಪಂಕಜಾ ಅತ್ತೇಬಿಟ್ಟರು. ಅಳುತ್ತಲೇ ಎಲ್ಲವನ್ನೂ ಮತ್ತೊಮ್ಮೆ ಹೇಳಿಸಿ ಫೋನಿನಲ್ಲಿ ವಿಡಿಯೋ ಮಾಡಿಕೊಂಡರು. "ಇದು ಎಲ್ಲರಿಗೂ ಗೊತ್ತಾಗ್ಬೇಕು. ನಿಮಗೇನೂ ಆಗಲ್ಲ, ನಾನಿದ್ದೀನಿ" ಎಂದು ತಮ್ಮ ನಂಬರನ್ನೂ ಕೊಟ್ಟರು.

ಬುಧವಾರದ ಹೊತ್ತಿಗೆ ವಿಡಿಯೋ ಊರೆಲ್ಲ ಹರಡಿತ್ತು. ಸೂಪರ್‌ವೈಸರ್ ಗುರುಬಾಯಿಯನ್ನು ಕೆಲಸದಿಂದ ತೆಗೆದು ಕೊರಳಿನ ಕಾರ್ಡು ಕಿತ್ತುಕೊಂಡ. ಅವಳು ಗೇಟಿನ ಹೊರಗೆ ನಿಂತು ಪಂಕಜಾಗೆ ಫೋನು ಮಾಡಿದಳು.

"ನಾನೇನ್ ಮಾಡ್ಲಿ ಗುರುಬಾಯಿ? ಈಗ ವಿಡಿಯೋ ತೆಗೆದ್ರೆ ಸತ್ಯಕ್ಕೆ ದ್ರೋಹ ಮಾಡಿದ ಹಾಗಾಗಲ್ವಾ? ನಿಮ್ಮ ಯಜಮಾನರಿಗೋಸ್ಕರ ಸ್ವಲ್ಪ ಸಹಿಸ್ಕೊಳ್ಳಿ."

ಆಮೇಲೆ ಎಷ್ಟು ಸಲ ಮಾಡಿದರೂ ಅವರು ಫೋನು ಎತ್ತಲಿಲ್ಲ.

ತಿಂಗಳಾದ ಮೇಲೆ, ಜೊತೆಗೆ ಗುಡಿಸುತ್ತಿದ್ದ ಶಿವಕುಮಾರಿ ಸುದ್ದಿ ತಂದಳು. "ಮೂರನೇ ಮಗ್ಗ ನೋಡಾಕ ಜನ ಮುಕುರ್ತಾರ. ನಿಮ್ಮ ಮನಿಯವ್ರ ಹೆಸರಿನ ಬೋರ್ಡ ಹಾಕ್ಯಾರ."

ಗುರುಬಾಯಿ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಟಿಕೆಟ್ ತೆಗೆದು ಸಾಲಿನಲ್ಲಿ ನಿಂತಳು. ಗಂಡನ ಹೆಸರನ್ನು ನಾಲ್ಕು ಜನರ ನಡುವೆ ಕೇಳಬೇಕೆಂಬ ಆಸೆ ಅವಳಿಗೆ.

ಗೈಡ್ ವಿಭಾ ಮೂರನೇ ಮಗ್ಗದ ಮುಂದೆ ನಿಂತು ಹಿಂದಿಯಲ್ಲಿ ಕಥೆ ಹೇಳಿದಳು. ದೇವಾನಂದನ ಕೈ ಸಿಕ್ಕಿದ ಕ್ಷಣವೇ ಮಾಲೀಕರು ತಾವೇ ಓಡಿಬಂದು ಮಷೀನು ನಿಲ್ಲಿಸಿದರಂತೆ. ಅವನು ಅವರ ತೊಡೆಯ ಮೇಲೆ ಪ್ರಾಣ ಬಿಟ್ಟನಂತೆ. 'ಸೇಠ್, ನನ್ನ ಮಗ್ಗ ನಿಲ್ಲಬಾರದು' ಎಂಬುದೇ ಅವನ ಕೊನೆಯ ಮಾತಂತೆ. ಕೇಳಿದವರ ಕಣ್ಣು ಒದ್ದೆಯಾಯಿತು.

"ಝೂಟ್!" ಗುರುಬಾಯಿ ಕೂಗಿದಳು. "ಸುಳ್ಳ ಐತಿ! ಯಾರೂ ಬರಲಿಲ್ಲ! ಹತ್ತು ನಿಮಿಷ..."

ವಿಭಾ ತಿರುಗಿ ನೋಡಿ ಗುರುತು ಹಿಡಿದಳು. ಒಂದು ಕ್ಷಣ ಮುಖ ಕಪ್ಪಿಟ್ಟಿತು. ಮರುಕ್ಷಣವೇ ಕೈ ಎತ್ತಿ, "ಇವರೇ ಆ ವಿಡಿಯೋದ ಆಂಟಿ! ದೇವಾನಂದರ ಹೆಂಡತಿ!" ಎಂದಳು.

ಜನ ಚಪ್ಪಾಳೆ ತಟ್ಟಿದರು. ಗುರುಬಾಯಿ ಹೇಳುತ್ತಲೇ ಇದ್ದಳು. ಚಪ್ಪಾಳೆಯಲ್ಲಿ ಏನೂ ಕೇಳಿಸಲಿಲ್ಲ. "ಪಾಪ, ದುಃಖಕ್ಕೆ ತಲೆ ಕೆಟ್ಟಿದೆ" ಎಂದು ಯಾರೋ ಪಿಸುಗುಟ್ಟಿದರು. ಒಬ್ಬ ಹುಡುಗಿ ಬಂದು ಅವಳ ಹೆಗಲ ಮೇಲೆ ಕೈ ಹಾಕಿ ನಿಂತಳು. ಫೋಟೋ ತೆಗೆಯಲು ಎದುರಿಗೆ ಅವಳಪ್ಪ ಫೋನು ಎತ್ತಿ ಹಿಡಿದ.

"ಆಂಟಿ, ಥೋಡಾ ಬಾಜೂ ಮೇ. ಮಷೀನ್ ನಹೀಂ ದಿಖ್ ರಹಾ."

ಗುರುಬಾಯಿ ಮಾತು ನಿಲ್ಲಿಸಿ, ಮಷೀನು ಕಾಣುವಂತೆ ಪಕ್ಕಕ್ಕೆ ಸರಿದಳು.