ಮೊಣಕಾಲೆತ್ತರದ ಗೋಡೆ

ಇಬ್ಬರಿಗೂ ಇದು ಎರಡನೆಯ ಮದುವೆ. ಟೈಲರಮ್ಮ ಗಂಡನ ಮನೆಗೆ ತಂದದ್ದು ಒಂದು ಹೊಲಿಗೆ ಯಂತ್ರ, ಬಟ್ಟೆಯ ಪೆಟ್ಟಿಗೆ ಮತ್ತು ದೊಡ್ಡ ಬಾನಿಯಷ್ಟಿದ್ದ ಒಂದು ಆಮೆ. ಅದರ ಹೆಸರು ಪುಟ್ಟ. ಹೆಸರಿಟ್ಟಾಗ ಅಂಗೈಯಲ್ಲಿ ಹಿಡಿಸುತ್ತಿತ್ತು. ಆಮೆ ಬೆಳೆಯಿತು, ಹೆಸರು ಬೆಳೆಯಲಿಲ್ಲ. ಒಂಟಿಯಾಗಿದ್ದ ಅಷ್ಟೂ ವರ್ಷ ಅವಳು ಸುಖದುಃಖ ಹೇಳಿಕೊಂಡದ್ದು ಅದರ ಹತ್ತಿರವೇ.

ಗಂಡ ಗಾರೆ ಮೇಸ್ತ್ರಿ. ಅವನ ಹಿತ್ತಲಲ್ಲೂ ಅಂಥದ್ದೇ ಒಂದು ಆಮೆ ಆಗಲೇ ಠಿಕಾಣಿ ಹೂಡಿತ್ತು. ಅದು ರಾಣಿ. ಒಂದು ಗಂಡು, ಒಂದು ಹೆಣ್ಣು! ನೆಂಟರಿಗೆ ಇನ್ನೇನು ಬೇಕು? "ಒಂದೇ ಖರ್ಚಲ್ಲಿ ಎರಡು ಮದುವೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ಮುಗಿಯುವ ಮೊದಲೇ ಹಿತ್ತಲಲ್ಲಿ ಢಬ್ ಢಬ್ ಶುರುವಾಯಿತು. ರಾಣಿ ಹಿಂದೆ ಸರಿದು, ತಲೆ ಒಳಗೆಳೆದುಕೊಂಡು, ನುಗ್ಗಿ ಬಂದು ಪುಟ್ಟನ ಪಕ್ಕೆಗೆ ಗುದ್ದುತ್ತಿತ್ತು. ಪುಟ್ಟನೂ ಬಿಟ್ಟುಕೊಡುವ ಪೈಕಿಯಲ್ಲ.

"ಸರಸ ಕಣೇ ಅದು," ಎಂದ ಮೇಸ್ತ್ರಿ.

"ಇದ್ಯಾವ ಸರಸ ರೀ? ಕಾಲಲ್ಲಿ ರಕ್ತ ಬರ್ತಿದೆ!"

ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಾಲ್ಕು ಹೊಲಿಗೆ ಬೀಳುವಷ್ಟರಲ್ಲಿ ಢಬ್. ಎದ್ದು ಕಿಟಕಿಗೆ ಹೋಗುವಳು, ಬಂದು ಕೂರುವಳು, ಮತ್ತೆ ಏಳುವಳು. ಯಾರದೋ ಅಂಗಿಗೆ ಎರಡೂ ಕಡೆ ಎಡತೋಳನ್ನೇ ಹೊಲಿದುಬಿಟ್ಟಳು. ಸದ್ದು ಬಂದರೆ ಒಂದು ಭಯ, ಬರದಿದ್ದರೆ ಇನ್ನೂ ದೊಡ್ಡ ಭಯ.

ಕೊನೆಗೆ ಪಶುವೈದ್ಯೆಯನ್ನು ಕರೆಸಿದಳು. ಆಕೆ ರಾಣಿಯನ್ನು ಓರೆಮಾಡಿ ಹೊಟ್ಟೆಯ ಕಡೆ ಕೈಯಾಡಿಸಿ ನಕ್ಕುಬಿಟ್ಟಳು. "ಇಲ್ಲಿ ಗುಳಿ ಇದೆ, ನೋಡಿ, ಗಂಡಿಗೆ ಮಾತ್ರ ಇರೋದು. ಇದು ರಾಣಿ ಅಲ್ಲ, ರಾಜ. ಎರಡೂ ಗಂಡೇ. ಒಂದರ ಮುಖ ಒಂದಕ್ಕೆ ಕಾಣಬಾರದು, ಮಧ್ಯೆ ಗೋಡೆ ಕಟ್ಟಿ. ಯಾವುದಾದ್ರೂ ಅಂಗಾತ ಬಿದ್ದು ಬಿಸಿಲಿಗೆ ಸಿಕ್ಕಿದ್ರೆ ಉಳಿಯಲ್ಲ."

ಗೋಡೆ ಎಂದೊಡನೆ ಮೇಸ್ತ್ರಿಯ ಮುಖ ಸಪ್ಪಗಾಯಿತು. ಊರವರಿಗೆಲ್ಲ ಗೋಡೆ ಕಟ್ಟಿಕೊಡುವವನು ಅವನು. ಆದರೆ ಆ ಹಿತ್ತಲಲ್ಲಿ ಆಗಲೇ ಒಂದು ಗೋಡೆ ಇತ್ತು, ಆಳು ಮೀರುವಷ್ಟು ಎತ್ತರದ್ದು. ಅಣ್ಣನ ಜೊತೆ ಪಾಲಾದಾಗ ಅವನೇ ರೋಷದಲ್ಲಿ ಒಂದೊಂದೇ ಇಟ್ಟಿಗೆ ಇಟ್ಟು ಎಬ್ಬಿಸಿದ್ದು. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ, ಕತೆಯಿಲ್ಲ.

"ಈ ಮನೇಲಿ ನಾನು ಇನ್ನೊಂದು ಗೋಡೆ ಕಟ್ಟಲ್ಲ," ಎಂದವನೇ ತಂತಿಜಾಲರಿ ತಂದು ಅಡ್ಡ ಕಟ್ಟಿದ.

ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಜಾಲರಿಯ ಆಚೆ ವೈರಿ ಕಾಣುತ್ತಾನೆ, ಕೈಗೆ ಸಿಗುವುದಿಲ್ಲ. ಬೆಳಗಿನಿಂದ ಎರಡೂ ಅದರ ಉದ್ದಕ್ಕೂ ಅತ್ತಿಂದಿತ್ತ ಓಡಾಡಿ ನೆಲ ಸವೆಸುವುದೇ ಕೆಲಸ. ಒಳಗೆ ಟೈಲರಮ್ಮನೂ ಹಾಗೆಯೇ, ಯಂತ್ರದಿಂದ ಕಿಟಕಿಗೆ, ಕಿಟಕಿಯಿಂದ ಯಂತ್ರಕ್ಕೆ.

ಒಂದು ಮಧ್ಯಾಹ್ನ ಸದ್ದು ನಿಂತಿತು. ಅವಳು ಯಂತ್ರ ಬಿಟ್ಟು ಎದ್ದಳು. ಓಡಿ ಹೋಗಿ ನೋಡಿದರೆ ಜಾಲರಿ ಬುಡಸಮೇತ ಕಿತ್ತು ಬಂದಿದೆ. ಪುಟ್ಟ ಸುಡುಬಿಸಿಲಲ್ಲಿ ಅಂಗಾತ ಬಿದ್ದಿದ್ದಾನೆ, ಬಾಯಲ್ಲಿ ನೊರೆ, ಕಾಲು ಅಲ್ಲಾಡುತ್ತಿಲ್ಲ. ಎಲ್ಲಿತ್ತೋ ಶಕ್ತಿ, ಒಬ್ಬಳೇ ಹೊರಳಿಸಿ, ನೆರಳಿಗೆ ಎಳೆದು, ನೀರು ಹನಿಸುತ್ತ ಕೂತಳು. ಬಹಳ ಹೊತ್ತಿನ ಮೇಲೆ ಪುಟ್ಟ ಒಂದು ಕಣ್ಣು ತೆರೆದ. ಆಗ ಅವಳಿಗೆ ಅಳು ಒತ್ತರಿಸಿಕೊಂಡು ಬಂತು.

ಮೇಸ್ತ್ರಿ ಬಂದಾಗ ಅವಳ ಪೆಟ್ಟಿಗೆ ಬಾಗಿಲ ಹತ್ತಿರ ಇತ್ತು.

"ಗೋಡೆ ಕಟ್ತೀರೋ, ನಾನು ಪುಟ್ಟನ್ನ ಕರ್ಕೊಂಡು ಹೊರಡ್ಲೋ?"

ಅವನು ಪೆಟ್ಟಿಗೆ ನೋಡಿದ, ಅವಳನ್ನು ನೋಡಿದ. ಗಾರೆ ಮೆತ್ತುವ ಕರಣೆ ತೆಗೆದುಕೊಂಡು ಹಿತ್ತಲಿಗೆ ಹೋದ. ಅವಳು ಇಟ್ಟಿಗೆ ಎತ್ತಿಕೊಟ್ಟಳು. ಮೇಸ್ತ್ರಿ ಕರಣೆಯ ಹಿಡಿಯಿಂದ ಇಟ್ಟಿಗೆ ಕುಟ್ಟುತ್ತಿದ್ದಾಗ ದೊಡ್ಡ ಗೋಡೆಯ ಆಚೆಯಿಂದ ಯಾರೋ ಕೆಮ್ಮಿದರು.

"ಮತ್ತೆ ಗೋಡೆ ಕಟ್ತಿದ್ದೀಯೇನೋ?"

ಅಣ್ಣನ ದನಿ. ಮೇಸ್ತ್ರಿಯ ಕೈ ಅಲ್ಲೇ ನಿಂತಿತು.

"ಆಮೆಗಳಿಗೆ ಕಣಣ್ಣಾ. ಜಗಳ ಆಡ್ತವೆ."

"ಎಷ್ಟೆತ್ತರ?"

"ಮೊಣಕಾಲಿಗೆ ಬರೋಷ್ಟು."

ಆಚೆಯವರು ಹೊರಟುಹೋದರೇನೋ ಎಂದು ಟೈಲರಮ್ಮ ಕತ್ತು ಉದ್ದಮಾಡಿ ಕಿವಿಗೊಟ್ಟಳು.

"ನಮಗೂ ಅಷ್ಟೇ ಸಾಕಿತ್ತು ಕಣೋ," ಎಂದಿತು ದನಿ.

ಮೇಸ್ತ್ರಿ ಕರಣೆ ಹಿಡಿದು ಹಾಗೇ ಕೂತಿದ್ದ. ಕಲಸಿದ ಗಾರೆ ಬಾಣಲಿಯಲ್ಲಿ ಗಟ್ಟಿಯಾಗುತ್ತಿತ್ತು. ಟೈಲರಮ್ಮನಿಗೆ ತಡೆಯಲಾಗಲಿಲ್ಲ.

"ರೀ, ಅವರ ಮನೆಗೆ ಬೀದಿ ಕಡೆ ಒಂದು ಬಾಗಿಲಿದೆ ತಾನೆ? ಇನ್ನೂ ಏನು ಕೂತಿದ್ದೀರ?"

ಅವನು ಎದ್ದ. ಕೈ ಕೂಡ ತೊಳೆಯದೆ ಹಸಿ ಗೋಡೆಯನ್ನು ಒಂದೇ ಹೆಜ್ಜೆಗೆ ದಾಟಿ, ಬಾಗಿಲ ಬಳಿಯ ಪೆಟ್ಟಿಗೆಯನ್ನು ಒಳಗೆ ತಳ್ಳಿ, ಬೀದಿಗಿಳಿದ.