ತಗಡಣ್ಣ ಎದುರು ಮನೆಯ ಮಹಡಿ ಹತ್ತಿದ್ದು

ತಗಡಣ್ಣನ ಅಂಗಡಿ ಎಲ್ಲಿದೆ ಎಂದು ಆ ಬೀದಿಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಮೂಲೆ ತಿರುಗಿದರೆ ಸಾಕು, ಢಣ್ ಢಣ್ ಎಂಬ ಸದ್ದೇ ಕೈಹಿಡಿದು ಕರೆತರುತ್ತಿತ್ತು. ತಗಡಿನ ಪೆಟ್ಟಿಗೆ, ಬಕೆಟ್ಟು, ಕೊಳವೆ, ಎಲ್ಲವೂ ಅವನ ಸುತ್ತಿಗೆಯ ಕೆಳಗೇ ಹುಟ್ಟಬೇಕು. ಅಪ್ಪನ ಕಾಲದಿಂದ ಬಂದ ಕಸುಬು. ಬಡಿದೂ ಬಡಿದೂ ಅವನ ಕಿವಿ ಮಂದವಾಗಿಹೋಗಿತ್ತು. ಹಾಗಾಗಿ ತನ್ನದು ಬಹಳ ಮೆತ್ತನೆಯ ಕೈ ಎಂದೇ ಪುಣ್ಯಾತ್ಮನ ನಂಬಿಕೆ!

ಒಂದು ಬೆಳಿಗ್ಗೆ ನಗರಸಭೆಯವರು ಅವನ ಬಾಗಿಲಿಗೆ ನೋಟಿಸು ಅಂಟಿಸಿ ಹೋದರು. ಮನೆಗಳಿರುವ ಬೀದಿಯಲ್ಲಿ ಬಡಿಯುವ ಕೆಲಸ ನಿಷೇಧ ಎಂದು ಮೊದಲ ಸಾಲಿನಲ್ಲಿತ್ತು. ತಗಡಣ್ಣ ಅಷ್ಟನ್ನೇ ಓದಿ ಕೆಂಡವಾದ.

"ನೋಡೇ, ಹೊಟ್ಟೆ ಮೇಲೆ ಹೊಡೆಯೋಕೆ ಬಂದ್ರು! ನನ್ನ ಅಂಗಡಿ, ನನ್ನ ಸುತ್ತಿಗೆ. ಇವರಪ್ಪನ ಮನೆ ಗಂಟೇನು ಹೋಗೋದು?"

"ಮೆಲ್ಲಗೆ ಮಾತಾಡಿ, ಎದುರು ಮನೇಲಿ ಪಾಪು ಇದೆ" ಎಂದಳು ಹೆಂಡತಿ.

"ಮೆಲ್ಲಗೇ ಮಾತಾಡ್ತಿದೀನಲ್ಲೇ!" ಎಂದು ಅವನು ಹೇಳಿದ್ದು ಇಡೀ ಬೀದಿಗೆ ಕೇಳಿಸಿತು.

ಅಷ್ಟರಲ್ಲಿ ನರ್ಸಕ್ಕ ಎದುರು ಮನೆಯ ಮೆಟ್ಟಿಲಿಳಿದು ಬಂದಳು. ಬಾಣಂತಿಯರನ್ನು ನೋಡಿಕೊಳ್ಳಲು ಮನೆಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ ಅವಳು.

"ಅಣ್ಣಾ, ಮಹಡಿ ಮೇಲಿನ ಮಗೂಗೆ ನಿದ್ದೇನೇ ಇಲ್ಲ. ತಾಯಿಗೆ ಆಪರೇಷನ್ ಆಗಿದೆ, ಅವಳೂ ಕಣ್ಣು ಮುಚ್ಚಿಲ್ಲ."

"ಅದಕ್ಕೆ ನಾನೇನ್ ಮಾಡ್ಲಿ ತಾಯಿ? ನಂದೇನೋ ಟಕ ಟಕ ಅಂತ ಒಂಚೂರು ಸದ್ದು. ಅಷ್ಟಕ್ಕೇ ಏಳುತ್ತಾ?"

ನರ್ಸಕ್ಕ ವಾದಕ್ಕಿಳಿಯಲಿಲ್ಲ. "ಸರಿ, ನೀವು ಮೇಲೆ ಬಂದು ತೊಟ್ಟಿಲ ಪಕ್ಕ ಕೂತ್ಕೊಳ್ಳಿ. ಅತ್ತಿಗೆ ಇಲ್ಲಿ ನಿಮ್ಮ ಹಾಗೇ ಬಡೀಲಿ."

"ಇವಳೇನು ಬಡೀತಾಳೆ!"

"ಇಷ್ಟು ವರ್ಷದ ಸಿಟ್ಟು ಇದೆ ಕಣ್ರೀ, ನೋಡ್ತಾ ಇರಿ" ಎಂದು ಹೆಂಡತಿ ಸುತ್ತಿಗೆ ಎತ್ತಿಕೊಂಡಳು.

ತಗಡಣ್ಣ ಮಹಡಿ ಹತ್ತಿ ತೊಟ್ಟಿಲ ಪಕ್ಕದ ಸ್ಟೂಲಿನಲ್ಲಿ ಕೂತ. ಕೆಳಗೆ ಏಟು ಬಿತ್ತು. ಅವನ ಕಿವಿಗೆ ಎಲ್ಲೋ ದೂರದಲ್ಲಿ ಟಪ್ ಎಂದಂತಾಯಿತು, ಅಷ್ಟೇ. "ನೋಡಿದ್ರಾ, ಏನೂ ಇಲ್ಲ" ಎನ್ನಲು ಬಾಯಿ ತೆರೆದವನು ಸುತ್ತ ನೋಡಿದ. ಕಪಾಟಿನ ಮೇಲಿದ್ದ ನೀರಿನ ಲೋಟ ಏಟು ಬಿದ್ದಾಗಲೆಲ್ಲ ಅಂಚಿನ ಕಡೆ ಸರಿಯುತ್ತಿತ್ತು. ಕಿಟಕಿಯ ಗಾಜು ಅದುರುತ್ತಿತ್ತು. ನಿದ್ದೆ ಹತ್ತುತ್ತಿದ್ದ ಮಗು ಪ್ರತಿ ಏಟಿಗೂ ಎರಡು ಮುಷ್ಟಿ ಎತ್ತಿ ಬೆಚ್ಚಿಬೀಳುತ್ತಿತ್ತು. ಕಿವಿಗೆ ಕೇಳದ್ದು ಕಣ್ಣಿಗೆ ಕಂಡಿತು.

ತಗಡಣ್ಣ ತಟ್ಟನೆ ಎದ್ದ. ಕಿಟಕಿಯಿಂದ ಬಗ್ಗಿ, "ನಿಲ್ಸೇ, ಸಾಕು ನಿಲ್ಸೇ!" ಎಂದು ಕೂಗಿದ. ಆ ಕೂಗಿಗೆ ಮಗು ಪೂರ್ತಿ ಎದ್ದೇಬಿಟ್ಟಿತು.

ಕೆಳಗಿಳಿದವನ ಮುಖ ಸಪ್ಪಗಾಗಿತ್ತು. "ಹಾಗಾದ್ರೆ ಬಾಗಿಲು ಹಾಕ್ಬಿಡ್ತೀನಿ ನರ್ಸಕ್ಕ. ಆದ್ರೆ ನನಗೆ ಬೇರೆ ಕೆಲಸ ಬರಲ್ಲ. ಹೆಂಡತಿ ಮಕ್ಕಳನ್ನ ಹೇಗೆ ಸಾಕ್ಲಿ?"

"ಅಯ್ಯೋ, ಕಾನೂನು ಪಾಪೂಗೆ ಮಾತ್ರ ಅಲ್ಲಣ್ಣ, ನಿಮಗೂ ಇದೆ. ಕೊನೇ ತನಕ ಓದಿದ್ರಾ?"

ಓದಿರಲಿಲ್ಲ. ಇದು ಇನ್ನೂ ಕರಡು, ಆಕ್ಷೇಪಣೆ ಸಲಹೆ ಇದ್ದವರು ಸಭೆಗೆ ಬಂದು ಹೇಳಬಹುದು ಎಂದು ಕೆಳಗೆ ಬರೆದಿತ್ತು.

"ಬೀದಿಗೆ ನೆಮ್ಮದಿ ಬೇಕು, ನಿಮಗೆ ದುಡಿಮೆ ಬೇಕು. ಎರಡನ್ನೂ ತೂಗಿ ನೋಡೋಕೇ ಸಭೆ ಕರೆಯೋದು. ನೀವು ಹೋಗ್ದೇ ಇದ್ರೆ ತಕ್ಕಡೀಲಿ ನಿಮ್ಮ ತಟ್ಟೆ ಖಾಲಿ" ಎಂದಳು ನರ್ಸಕ್ಕ.

ತಗಡಣ್ಣ ಸಭೆಗೆ ಹೋದ. ಅವನ ದನಿ ಮೈಕು ಬೇಡ ಎನ್ನುವಂತಿತ್ತು. "ಪೂರ್ತಿ ನಿಲ್ಸಿ ಅಂದ್ರೆ ನಾನು ಬೀದಿಪಾಲು ಸ್ವಾಮಿ. ಬಡಿಯೋದೆಲ್ಲ ಬೆಳಿಗ್ಗೆ ಮುಗಿಸ್ತೀನಿ. ಮಧ್ಯಾಹ್ನದ ಮೇಲೆ ಬೆಸುಗೆ ಕೆಲಸ, ಅದಕ್ಕೆ ಸದ್ದಿಲ್ಲ."

ಹಿಂದಿನ ಸಾಲಿನಲ್ಲಿದ್ದ ಬಾಣಂತಿ ಮಗುವನ್ನೆತ್ತಿಕೊಂಡು ಎದ್ದು ನಿಂತಳು. "ಅಣ್ಣನ ಅಂಗಡಿ ಮುಚ್ಚೋದು ನಮಗೂ ಬೇಡ. ಪಾಪು ಮಲಗೋ ಹೊತ್ತು ಬಿಟ್ಟುಕೊಟ್ರೆ ಸಾಕು. ಇವಳ ಸ್ನಾನದ ಬಕೆಟ್ಟೂ ಅವರು ಮಾಡಿದ್ದೇ."

ಸಭೆ ನಕ್ಕಿತು. ನಿಷೇಧ ಹೋಗಿ ಹೊತ್ತು ನಿಗದಿಯಾಯಿತು: ಬಡಿತ ಬೆಳಿಗ್ಗೆ ಮಾತ್ರ. ಬಡಿಯುವ ಕಬ್ಬಿಣದ ದಿಮ್ಮಿಯ ಕೆಳಗೆ ದಪ್ಪ ರಬ್ಬರು ಹಾಕಬೇಕೆಂದೂ ಅಧಿಕಾರಿ ಸೇರಿಸಿದರು. ನರ್ಸಕ್ಕ ಅಷ್ಟಕ್ಕೇ ಬಿಡದೆ ತಗಡಣ್ಣನ ಕಿವಿ ಪರೀಕ್ಷೆ ಮಾಡಿಸಿ ಶ್ರವಣಯಂತ್ರವನ್ನೂ ಹಾಕಿಸಿದಳು.

ಈಗ ಮಧ್ಯಾಹ್ನ ಬೀದಿ ತಣ್ಣಗಿರುತ್ತದೆ. ಮೊನ್ನೆ ತಗಡಣ್ಣ ಬೆಸುಗೆ ಹಾಕುತ್ತಿದ್ದಾಗ ಮಹಡಿಯಿಂದ ಅಳು ಎದ್ದಿತು.

"ಅಬ್ಬಬ್ಬಾ, ಏನು ಗಂಟಲು! ಇವಳಿಗೆ ಯಾವ ನಿಯಮಾನೂ ಇಲ್ವೇನೇ?"

"ಸಭೆ ಕರೆದಾಗ ಹೋಗಿ ಆಕ್ಷೇಪಣೆ ಹೇಳಿ" ಎಂದಳು ಹೆಂಡತಿ.

ಅಕ್ಕಂದಿರೇ, ಅಣ್ಣಂದಿರೇ, ನಾಳೆ ನಿಮ್ಮ ಬಾಗಿಲಿಗೂ ಇಂಥದೊಂದು ನೋಟಿಸು ಬಂದೀತು. ಮೊದಲ ಸಾಲಿಗೇ ಸಿಟ್ಟಾಗಬೇಡಿ. ಕೊನೆತನಕ ಓದಿ, ಓದಲು ಬಾರದಿದ್ದರೆ ಬೇರೆಯವರಿಂದ ಓದಿಸಿಕೊಳ್ಳಿ. ಸಭೆಗೆ ಹೋಗಿ ನಿಮ್ಮ ಕಷ್ಟ ಬಾಯಿಬಿಟ್ಟು ಹೇಳಿ, ಅದು ನಿಮ್ಮ ಹಕ್ಕು. ಆದರೆ ಹೊರಡುವ ಮುಂಚೆ ಎದುರು ಮನೆಯ ಮಹಡಿ ಹತ್ತಿ, ಆ ತೊಟ್ಟಿಲ ಪಕ್ಕ ಒಂದು ಗಳಿಗೆ ಕೂತು ಬನ್ನಿ.